ಬೀಗವಿಲ್ಲದೆ ಬರುವ ಗಾಡಿ: ಟ್ರೇಲರ್‌ನ ಕಾವಲು

ಟ್ರ್ಯಾಕ್ಟರ್ ಹಿಂದೆ ಕಟ್ಟುವ ಟ್ರೇಲರ್‌ಗೆ ಎಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ, ತಿರುವಲು ಕೀ ಇಲ್ಲ. ಎತ್ತಿನ ಗಾಡಿಯ ಮೂಕಿಯಂತೆ ಮುಂದಕ್ಕೆ ಚಾಚಿದ ಕಬ್ಬಿಣದ ದಂಡ, ಅದರ ತುದಿಗೊಂದು ಬಳೆ, ಆ ಬಳೆಗೊಂದು ಪಿನ್: ಅದನ್ನು ಟ್ರ್ಯಾಕ್ಟರ್‌ಗೆ ಜೋಡಿಸಲು ಇಷ್ಟೇ ಸಾಕು. ಬಳೆಯನ್ನು ಹುಕ್ಕಿಗೆ ಸೇರಿಸಿ ಪಿನ್ ಇಳಿಬಿಟ್ಟರೆ ಯಾವ ಕಂಪನಿಯ ಟ್ರ್ಯಾಕ್ಟರ್ ಆದರೂ ಎಳೆದುಕೊಂಡು ಹೋಗುತ್ತದೆ. ಬಾಡಿಗೆಗೆ ಕೊಡಲು, ನೆರೆಯವರಿಗೆ ಎರವಲು ಕೊಡಲು ರೈತನಿಗೆ ಇದು ಅನುಕೂಲ. ಕಳ್ಳನಿಗೂ ಅಷ್ಟೇ ಅನುಕೂಲ. ಅವನು ಬೀಗ ಒಡೆಯಬೇಕಿಲ್ಲ, ವೈರ್ ಕತ್ತರಿಸಬೇಕಿಲ್ಲ. ಒಂದು ಟ್ರ್ಯಾಕ್ಟರ್ ತಂದರಾಯಿತು.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯದಂಥ ಕಬ್ಬಿನ ಸೀಮೆಗಳಲ್ಲಿ ಈ ಅನುಕೂಲ ಇನ್ನೂ ಹೆಚ್ಚು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ರಾತ್ರಿಯಿಡೀ ರಸ್ತೆಯ ಮೇಲೆ ಟ್ರ್ಯಾಕ್ಟರ್ ಸದ್ದು ಇದ್ದೇ ಇರುತ್ತದೆ. ನಡುರಾತ್ರಿ ಟ್ರೇಲರ್ ಎಳೆದುಕೊಂಡು ಹೊರಟವನನ್ನು ಯಾರೂ ತಡೆದು ಕೇಳುವುದಿಲ್ಲ. ಹಂಗಾಮು ಮುಗಿದ ಮೇಲೆ ಅಪಾಯ ಬೇರೆ ಬಗೆಯದು. ಎಂಜಿನ್, ಅಂದರೆ ಟ್ರ್ಯಾಕ್ಟರ್, ಮನೆಯ ಅಂಗಳಕ್ಕೆ ಬರುತ್ತದೆ, ಟ್ರೇಲರ್ ಹೊಲದ ಬದುವಿನಲ್ಲೋ ಬೇವಿನ ಮರದಡಿಯಲ್ಲೋ ವಾರಗಟ್ಟಲೆ ನಿಲ್ಲುತ್ತದೆ. ಕಳವಾದದ್ದು ಗೊತ್ತಾಗುವ ಹೊತ್ತಿಗೆ ಅದು ಎರಡು ತಾಲ್ಲೂಕು ದಾಟಿರಬಹುದು.

ಕದ್ದ ಟ್ರೇಲರ್ ಹೋಗುವ ದಾರಿ ಮುಖ್ಯವಾಗಿ ಎರಡು. ಒಂದು, ಬಣ್ಣ ಬದಲಿಸಿ ಬೇರೆ ಊರಿನಲ್ಲಿ ಮಾರುವುದು. ಇನ್ನೊಂದು, ಗ್ಯಾಸ್ ಕಟರ್‌ನಿಂದ ಕತ್ತರಿಸಿ ಗುಜರಿಗೆ ಹಾಕಿ, ಟೈರು, ಆಕ್ಸಲ್, ಪಟ್ಟಾಗಳನ್ನು ಬಿಡಿಬಿಡಿಯಾಗಿ ಮಾರುವುದು. ಬಹಳಷ್ಟು ಟ್ರೇಲರ್‌ಗಳು ಹತ್ತಿರದ ಪಟ್ಟಣಗಳ ವೆಲ್ಡಿಂಗ್ ಶಾಪುಗಳಲ್ಲೇ ತಯಾರಾಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನೋಟಕ್ಕೆ ವ್ಯತ್ಯಾಸ ಕಡಿಮೆ. ಹೊಸ ಬಣ್ಣ ಬಳಿದ ಮೇಲೆ ಮಾಲೀಕನೇ ಎದುರು ನಿಂತರೂ ಇದು ತನ್ನದೆಂದು ಸಾಧಿಸುವುದು ಕಷ್ಟ. ಆದ್ದರಿಂದ ಟ್ರೇಲರ್‌ನ ರಕ್ಷಣೆಯಲ್ಲಿ ಎರಡು ಕೆಲಸಗಳಿವೆ: ಎಳೆದೊಯ್ಯುವುದನ್ನು ತಡೆಯುವುದು, ಒಯ್ದರೂ ಗುರುತು ಅಳಿಯದಂತೆ ಮಾಡುವುದು. ಜನ ಮೊದಲನೆಯದಕ್ಕೆ ಹಣ ಖರ್ಚು ಮಾಡುತ್ತಾರೆ, ಹೆಚ್ಚು ಫಲ ಕೊಡುವ ಎರಡನೆಯದನ್ನು ಮರೆಯುತ್ತಾರೆ.

ತಡೆಯುವ ಕೆಲಸ ನಿಲ್ಲಿಸುವ ಜಾಗದಿಂದಲೇ ಶುರುವಾಗುತ್ತದೆ, ಅದಕ್ಕೆ ಕಾಸೂ ಬೇಡ. ಮೂಕಿ ರಸ್ತೆಯ ಕಡೆಗಿದ್ದರೆ ಕಳ್ಳ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ನೇರವಾಗಿ ಜೋಡಿಸಬಹುದು. ಅದೇ ಮೂಕಿ ಗೋಡೆಗೋ ದಪ್ಪ ಮರಕ್ಕೋ ಮುಖಮಾಡಿದ್ದರೆ ಮೊದಲು ಟ್ರೇಲರನ್ನೇ ತಿರುಗಿಸಬೇಕಾಗುತ್ತದೆ. ಒಬ್ಬಿಬ್ಬರಿಂದ ಆಗುವ ಕೆಲಸ ಅದಲ್ಲ. ಎರಡು ಟ್ರೇಲರ್ ಇದ್ದವರು ಮೂಕಿಗಳನ್ನು ಎದುರುಬದುರು ಮಾಡಿ ಸರಪಳಿಯಿಂದ ಬಿಗಿಯಬಹುದು. ಮನೆಯ ಮುಂದೆ ಜಾಗವಿದ್ದರೆ ಟ್ರೇಲರ್ ಒಳಗೆ, ಎಂಜಿನ್ ಅದಕ್ಕೆ ಅಡ್ಡಲಾಗಿ ಹೊರಗೆ.

ಪಿನ್ನನ್ನು ಕಳಚಿ ಮನೆಗೆ ಒಯ್ಯುವ ರೂಢಿ ಅನೇಕ ಕಡೆ ಇದೆ. ಅದು ಬರೀ ಸಮಾಧಾನ. ಕಳ್ಳ ತನ್ನ ಪಿನ್ ತಾನೇ ತರುತ್ತಾನೆ, ಇಲ್ಲದಿದ್ದರೆ ಒಂದು ಸರಳಿನ ತುಂಡೂ ಸಾಕು. ಬೀಗ ಹಾಕಬೇಕಾದದ್ದು ಬಳೆಯ ತೂತಿಗೆ. ಬಳೆಯ ಮೇಲೂ ಕೆಳಗೂ ದಪ್ಪ ಬಿಲ್ಲೆಗಳಿಟ್ಟು, ನಡುವೆ ಬೋಲ್ಟಿನಂಥ ತುಂಡು ತೂರಿಸಿ ಬೀಗ ಜಡಿದರೆ ಅಲ್ಲಿ ಬೇರೆ ಪಿನ್ ಇಳಿಯುವುದಿಲ್ಲ. ಇಂಥದ್ದನ್ನು ಊರಿನ ವೆಲ್ಡಿಂಗ್‌ನವರೇ ಮಾಡಿಕೊಡಬಲ್ಲರು. ಆದರೆ ಬಳೆ ಮುಚ್ಚಿದರೂ ಮೂಕಿಗೆ ಸರಪಳಿ ಸುತ್ತಿ ಎಳೆಯುವ ದಾರಿ ಉಳಿದೇ ಇರುತ್ತದೆ. ಹಾಗಾಗಿ ಚಕ್ರಗಳೂ ತಿರುಗಬಾರದು. ಡಿಸ್ಕಿನ ತೂತುಗಳ ಮೂಲಕ ಸರಪಳಿ ತೂರಿಸಿ ಆಕ್ಸಲ್‌ಗೆ ಇಲ್ಲವೆ ಚಾಸಿಗೆ ಬಿಗಿದರೆ ಚಕ್ರ ಉರುಳದು. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಎಲ್ಲಕ್ಕಿಂತ ಗಟ್ಟಿ ಉಪಾಯ ಹಳೆಯದೇ: ಜಾಕ್ ಕೊಟ್ಟು ಎತ್ತಿ, ಒಂದು ಚಕ್ರ ಬಿಚ್ಚಿ ಒಳಗಿಟ್ಟು, ಆಕ್ಸಲ್ ಕೆಳಗೆ ದಿಮ್ಮಿ ಇಡುವುದು. ಟೈರಿನ ಆಯುಸ್ಸಿಗೂ ಅದು ಒಳ್ಳೆಯದು.

ಬೀಗ, ಸರಪಳಿಗಳಲ್ಲಿ ಕಳ್ಳ ಹುಡುಕುವುದು ತೀರ ಸಪೂರವಾದ ಜಾಗವನ್ನು. ಬೆರಳುಗಾತ್ರದ ಸರಪಳಿಗೆ ಅಂಗಡಿಯ ಅಗ್ಗದ ಬೀಗ ಹಾಕಿದರೆ ಸರಪಳಿಗೆ ಕೊಟ್ಟ ಹಣ ದಂಡ. ಕೊಂಡಿ ಹೊರಗೆ ಕಾಣದಂತೆ ಮೈಯೊಳಗೇ ಅಡಗಿರುವ ಬೀಗಗಳಲ್ಲಿ ಬೋಲ್ಟ್ ಕಟರ್‌ನ ಬಾಯಿಗೆ ಹಿಡಿತ ಸಿಗುವುದಿಲ್ಲ. ಸರಪಳಿ ನೆಲಕ್ಕೆ ತಾಗುವಂತೆ ಜೋತಾಡಬಾರದು. ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿದರೆ ದಪ್ಪ ಕೊಂಡಿಯೂ ತುಂಡಾಗುತ್ತದೆ. ಬ್ಯಾಟರಿ ಗ್ರೈಂಡರ್ ತಂದವನ ಮುಂದೆ ಯಾವ ಬೀಗವೂ ಬಹಳ ಹೊತ್ತು ನಿಲ್ಲದು ಎಂಬುದೂ ನಿಜ. ಬೀಗದಿಂದ ಸಿಗುವುದು ಸಮಯ ಮತ್ತು ಸದ್ದು. ಕೇಳುವ ಕಿವಿ ಹತ್ತಿರವಿದ್ದರೆ ಮಾತ್ರ ಅವುಗಳಿಂದ ಪ್ರಯೋಜನ, ಆದ್ದರಿಂದ ಊರಾಚೆಯ ಹೊಲಕ್ಕಿಂತ ಮನೆಗಳ ನಡುವಿನ ಜಾಗವೇ ಲೇಸು.

ಜಿಪಿಎಸ್ ಸಾಧನಗಳು ಈಗ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಟ್ರೇಲರ್‌ಗೆ ಸ್ವಂತ ಬ್ಯಾಟರಿ ಇಲ್ಲದ್ದರಿಂದ, ತನ್ನದೇ ಬ್ಯಾಟರಿಯಲ್ಲಿ ನಡೆಯುವ, ದಿನಕ್ಕೆ ಕೆಲವೇ ಸಲ ಸ್ಥಳ ತಿಳಿಸಿ ಉಳಿದ ಹೊತ್ತು ಮಲಗುವ ಬಗೆಯದ್ದೇ ಬೇಕು. ಸುತ್ತ ಕಬ್ಬಿಣ ಮುಚ್ಚಿದ ಜಾಗದಲ್ಲಿ ಅಡಗಿಸಿದರೆ ಸಿಗ್ನಲ್ ಹೊರಬರುವುದಿಲ್ಲ. ಸಿಮ್‌ನ ರೀಚಾರ್ಜ್ ಮುಗಿದಿದ್ದರೆ ಸಾಧನ ಇದ್ದೂ ಇಲ್ಲದಂತೆ. ಕೀಗೊಂಚಲಿಗೆ ಕಟ್ಟುವ ಬ್ಲೂಟೂತ್ ಟ್ಯಾಗ್‌ಗಳು ಅಕ್ಕಪಕ್ಕದವರ ಮೊಬೈಲ್‌ಗಳನ್ನು ನೆಚ್ಚಿಕೊಂಡು ಕೆಲಸ ಮಾಡುತ್ತವೆ. ಹೊಲದ ನಡುವೆ ಅವಕ್ಕೆ ದಿಕ್ಕಿಲ್ಲ.

ಇನ್ನು ಗುರುತಿನ ಮಾತು. ಹಿಂಬಾಗಿಲಿನ ಮೇಲೆ ಮನೆದೇವರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು ಬರೆಸುವುದು ವಾಡಿಕೆ. ಚೆಂದಕ್ಕೆ ಸರಿ, ಆದರೆ ಬಣ್ಣದ ಗುರುತು ಒಂದು ಡಬ್ಬಿ ಪೇಂಟಿಗೆ ಅಳಿಯುತ್ತದೆ. ಚಾಸಿ ನಂಬರ್ ಇರುವ ತಗಡಿನ ಪಟ್ಟಿಯನ್ನೂ ಕಿತ್ತೆಸೆಯಬಹುದು. ಅದೇ ನಂಬರನ್ನು ಚಾನಲ್‌ನ ಒಳಮೈ, ಆಕ್ಸಲ್, ಮೂಕಿಯ ಕೆಳಭಾಗ ಹೀಗೆ ಮೂರು ನಾಲ್ಕು ಕಡೆ ಪಂಚ್ ಹೊಡೆಸಿದರೆ, ಅಥವಾ ವೆಲ್ಡಿಂಗ್ ರಾಡಿನಿಂದಲೇ ಅಕ್ಷರ ಮೂಡಿಸಿದರೆ, ಒಂದಾದರೂ ಉಳಿಯುತ್ತದೆ. ಆ ಗುರುತುಗಳದ್ದೂ ಗಾಡಿಯ ನಾಲ್ಕೂ ಮಗ್ಗುಲಿನದ್ದೂ ಫೋಟೊ ತೆಗೆದಿಟ್ಟುಕೊಳ್ಳಬೇಕು. ಎಲ್ಲಿ ಪಂಚ್ ಇದೆ ಎಂಬುದು ಮನೆಯವರಿಗಷ್ಟೇ ಗೊತ್ತಿದ್ದರೆ ಸಾಕು.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್‌ಗೊಂದು ನಂಬರ್, ಟ್ರೇಲರ್‌ಗೊಂದು ನಂಬರ್ ಇರಬೇಕು. ಆದರೂ ನೋಂದಣಿಯಿಲ್ಲದ ಟ್ರೇಲರ್‌ಗಳು ಹಳ್ಳಿ ರಸ್ತೆಗಳಲ್ಲಿ ಓಡಾಡುತ್ತಲೇ ಇವೆ. ತೆರಿಗೆ, ಆರ್‌ಟಿಒ ಓಡಾಟ ತಪ್ಪಿತೆಂದು ಮಾಲೀಕ ಅಂದುಕೊಳ್ಳುತ್ತಾನೆ. ಆದರೆ ಕಾಗದವಿಲ್ಲದ ಗಾಡಿ ಕೊಳ್ಳುವುದೇ ರೂಢಿಯಾದ ಸಂತೆಯಲ್ಲಿ ಕದ್ದ ಗಾಡಿಗೂ ಸಲೀಸಾಗಿ ಗಿರಾಕಿ ಸಿಗುತ್ತಾನೆ. ಹಳೆಯ ಟ್ರೇಲರ್ ಕೊಳ್ಳುವವರು ಆರ್‌ಸಿ ನೋಡಿ, ಚಾಸಿ ನಂಬರ್ ತಾಳೆಹಾಕಿ, ಸಾಲ ಬಾಕಿ ಇದೆಯೇ ಎಂದು ವಿಚಾರಿಸಿ, ಫಾರಂ 29 ಮತ್ತು 30ಕ್ಕೆ ಸಹಿ ಪಡೆಯಬೇಕು. ಕದ್ದ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಕೊಂಡವನೂ ಅಪರಾಧಿ.

ವಿಮೆಯಲ್ಲಿ ಮೋಸಹೋಗುವವರು ಹೆಚ್ಚು. ಥರ್ಡ್ ಪಾರ್ಟಿ ವಿಮೆಯಿಂದ ಕಳವಿನ ಪರಿಹಾರ ಸಿಗುವುದಿಲ್ಲ; ಅದಕ್ಕೆ ಸಮಗ್ರ ಪಾಲಿಸಿ ಬೇಕು. ಎಂಜಿನ್‌ಗೆ ಅಂಥ ಪಾಲಿಸಿ ಇದ್ದ ಮಾತ್ರಕ್ಕೆ ಹಿಂದಿನ ಗಾಡಿಯೂ ಅದರೊಳಗೆ ಬಂತೆಂದಲ್ಲ. ಪಾಲಿಸಿಯಲ್ಲಿ ಟ್ರೇಲರ್‌ನ ನಂಬರ್ ಮತ್ತು ಬೆಲೆ ಬೇರೆಯಾಗಿ ನಮೂದಾಗಿರಬೇಕು, ಅದಕ್ಕೆ ಪ್ರೀಮಿಯಂ ಕಟ್ಟಿರಬೇಕು. ಬಾಡಿಗೆಗೆ ಒಯ್ದವನು ವಾಪಸ್ ಕೊಡದೆ ನುಂಗಿದರೆ ಅದು ಕಾನೂನಿನ ಕಣ್ಣಿಗೆ ಕಳವಲ್ಲ, ನಂಬಿಕೆ ದ್ರೋಹ. ಅಲ್ಲಿ ವಿಮೆಯ ಹಣಕ್ಕೆ ತಕರಾರು ಏಳುವ ಸಂಭವವಿದೆ.

ಕಳವಾದದ್ದು ತಿಳಿದ ದಿನವೇ ಠಾಣೆಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಬೇಕು, ಅದು ಉಚಿತ. ಘಟನೆ ಬೇರೆ ಠಾಣೆಯ ಸರಹದ್ದಿನದೆಂದು ದೂರು ನಿರಾಕರಿಸುವಂತಿಲ್ಲ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದ ಕಳವಿಗೆ ನ್ಯಾಯ ಸಂಹಿತೆಯ 305ನೇ ಸೆಕ್ಷನ್ ಏಳು ವರ್ಷದವರೆಗೆ ಸಜೆ ಹೇಳುತ್ತದೆ, ಸಾಮಾನ್ಯ ಕಳವಿಗೆ ಮೂರು ವರ್ಷ. ವಿಮಾ ಕಂಪನಿಗೂ ಕೂಡಲೇ ತಿಳಿಸುವುದು ಲೇಸು. ಕಳವಾದ ಒಂದು ಟ್ರ್ಯಾಕ್ಟರ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್ ತಡವಿಲ್ಲದೆ ದಾಖಲಾಗಿದ್ದರೆ ಕಂಪನಿಗೆ ತಡವಾಗಿ ತಿಳಿಸಿದ್ದೊಂದನ್ನೇ ನೆಪಮಾಡಿ ಪರಿಹಾರ ನಿರಾಕರಿಸುವಂತಿಲ್ಲ ಎಂದಿತು. ಎಫ್‌ಐಆರ್‌ಗೇ ತಡಮಾಡಿದವರಿಗೆ ಆ ತೀರ್ಪಿನ ಆಸರೆ ಇಲ್ಲ. ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ ‘ಸಿ’ ರಿಪೋರ್ಟ್ ಪರಿಹಾರಕ್ಕೆ ಬೇಕಾಗುತ್ತದೆ. ಸಾಲ ಬಾಕಿ ಇದ್ದರೆ ಹಣದಲ್ಲಿ ಮೊದಲ ಪಾಲು ಸಾಲ ಕೊಟ್ಟವರಿಗೆ.

ಗಾಡಿ ಸಿಕ್ಕರೆ ಅದು ಠಾಣೆಯ ಆವರಣದಲ್ಲಿ ತುಕ್ಕು ಹಿಡಿಯುತ್ತ ಬಿದ್ದಿರಬೇಕಿಲ್ಲ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಗಳಲ್ಲಿ ಬಹುಕಾಲ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಮಾಲೀಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಆರ್‌ಸಿ ಹಾಜರುಪಡಿಸಿ, ಬಾಂಡ್ ಬರೆದುಕೊಟ್ಟು ಗಾಡಿಯನ್ನು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಬಹುದು. ಬಣ್ಣ ಬದಲಾದ ಟ್ರೇಲರ್‌ನಲ್ಲಿ ತನ್ನ ಗಾಡಿಯನ್ನು ತೋರಿಸಿಕೊಡಲು ಆಗ ಕೈಲಿರುವುದು ಆರ್‌ಸಿ, ಹಳೆಯ ಫೋಟೊಗಳು ಮತ್ತು ಚಾನಲ್ ಒಳಗಿನ ಪಂಚ್ ಗುರುತು. ಮೊಕದ್ದಮೆ ಮುಗಿಯುವವರೆಗೆ ಗಾಡಿಯನ್ನು ಮಾರಬಾರದು, ರೂಪ ಬದಲಿಸಬಾರದು, ಕೇಳಿದಾಗ ಹಾಜರುಪಡಿಸಬೇಕು ಎಂಬ ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ಹೊಲದ ಕೆಲಸಕ್ಕೆ ಬಳಸಲು ಅವು ಅಡ್ಡಿಯಲ್ಲ.