ಸೈಪ್ರಸ್ ಕಡಲಿನ ಚೆಂದದ ಮೀನನ್ನ ಡೈವರ್‌ಗಳೇ ಯಾಕೆ ಬೇಟೆಯಾಡ್ತಾರೆ?

ಮೆಡಿಟರೇನಿಯನ್ ಡೈವಿಂಗ್ ರೀಲ್ಸ್ ನೋಡೋರಿಗೆ ಈ ಮೀನು ಗೊತ್ತಿರುತ್ತೆ. ಕೆಂಪು-ಬಿಳಿ ಪಟ್ಟೆ, ಬೀಸಣಿಗೆ ಥರ ಬಿಚ್ಚಿಕೊಂಡ ರೆಕ್ಕೆ. ಲಯನ್‌ಫಿಶ್. ಕಮೆಂಟ್ಸ್ ತುಂಬಾ ಹಾರ್ಟ್ ಇರುತ್ತೆ. ಆದ್ರೆ ಸೈಪ್ರಸ್‌ನಲ್ಲಿ ಇದೇ ಮೀನನ್ನ ಡೈವರ್‌ಗಳು ಈಟಿ ಹಿಡಿದು ಹುಡುಕಿ ಹೊಡೀತಾರೆ. ಯಾಕೆ ಅನ್ನೋದು ಇವತ್ತಿನ ಎಪಿಸೋಡ್.

ಮೊದಲು ಅಲ್ಲಿನ ಫೇಮಸ್ ಡೈವ್ ಸೈಟ್ ನೋಡೋಣ. ಲಾರ್ನಕ ಊರಿನ ಎದುರು, ದಡದಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ ಝೆನೋಬಿಯಾ ಅನ್ನೋ ಹಡಗು ಮುಳುಗಿದೆ. 172 ಮೀಟರ್ ಉದ್ದ, ಸ್ವೀಡನ್‌ನಲ್ಲಿ ಕಟ್ಟಿದ್ದು. 1980ರಲ್ಲಿ ನೂರಕ್ಕೂ ಹೆಚ್ಚು ಲಾರಿಗಳನ್ನ ಹೊತ್ತು ಸಿರಿಯಾ ಕಡೆ ಹೊರಟಿತ್ತು. ಅದೇ ಮೊದಲ ಪ್ರಯಾಣ! ಹಡಗಿನ ಸಮತೋಲಕ್ಕೆ ನೀರು ತುಂಬೋ ಬ್ಯಾಲಾಸ್ಟ್ ಟ್ಯಾಂಕ್‌ಗಳಲ್ಲಿ ಲೆಕ್ಕ ತಪ್ಪಿ ಹಡಗು ವಾಲಿತು. ಬಂದರಿನೊಳಗೇ ಮುಳುಗಿದ್ರೆ ದಾರಿ ಬಂದ್ ಆಗುತ್ತೆ ಅಂತ ಹೊರಗೆ ಎಳ್ಕೊಂಡು ಹೋದ್ರು. ಜೂನ್ 7ರ ನಸುಕಿನಲ್ಲಿ ಮಗುಚಿತು. ಯಾರೂ ಸಾಯಲಿಲ್ಲ. ನಾನು ಬಿಕಾಂ ಓದಿದವನು, ನನ್ನ ಪುಸ್ತಕದ ಪ್ರಕಾರ ಇದು ಪೂರ್ತಿ ನಷ್ಟ. ಲಾರ್ನಕದ ಡೈವಿಂಗ್ ಅಂಗಡಿಗಳನ್ನ ಕೇಳಿದ್ರೆ ಆಸ್ತಿ ಅಂತಾರೆ.

ಹಡಗು ಎಡಮಗ್ಗುಲಾಗಿ ಮಲಗಿದೆ. ಮೇಲಿರೋ ಬಲಮಗ್ಗುಲು ಸುಮಾರು 16 ಮೀಟರ್ ಆಳದಲ್ಲೇ ಸಿಗುತ್ತೆ, ತಳ 42 ಮೀಟರ್. ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್ ಮಿತಿ, ಹಾಗಾಗಿ ಹೊಸಬರೂ ಮೇಲ್ಭಾಗ ನೋಡಬಹುದು. ಒಳಗೆ ನುಗ್ಗೋದು ಬೇರೆ ಕಥೆ. ಅದಕ್ಕೆ ಬೇರೆ ತರಬೇತಿ ಬೇಕು. ಒಳಗೆ ಹೋಗಿ ಪ್ರಾಣ ಕಳ್ಕೊಂಡವರಿದ್ದಾರೆ.

ನೀರು ಗಾಜಿನಷ್ಟು ತಿಳಿ. ಇದನ್ನ ಎಲ್ಲರೂ ಹೊಗಳ್ತಾರೆ, ಕಾರಣ ಕೇಳಿದ್ರೆ ಸ್ವಲ್ಪ ಬೇಜಾರಾಗುತ್ತೆ. ಪೂರ್ವ ಮೆಡಿಟರೇನಿಯನ್‌ನಲ್ಲಿ ಪೋಷಕಾಂಶ ಬಹಳ ಕಡಿಮೆ. ಪೋಷಕಾಂಶ ಇಲ್ಲದಿದ್ರೆ ತೇಲುವ ಸೂಕ್ಷ್ಮ ಸಸ್ಯಗಳಿಲ್ಲ, ಅವಿಲ್ಲದಿದ್ರೆ ಮೀನೂ ಕಡಿಮೆ. ಅಂದ್ರೆ ಇದು ಮೊದಲೇ ಬಡ ಸಮುದ್ರ. ಅದಕ್ಕೇ ಹಡಗಿನಂಥ ಗಟ್ಟಿ ಆಸರೆ ಸಿಕ್ಕಿದಲ್ಲಿ ಗ್ರೂಪರ್, ಅಂದ್ರೆ ಮಂಗಳೂರು ಕಡೆ ಮುರು ಮೀನು ಅಂತಾರಲ್ಲ ಆ ಜಾತಿಯವು, ಬ್ಯಾರಕುಡಾ ಎಲ್ಲ ಬಂದು ಸೇರ್ತವೆ.

ಈ ಬಡ ಮನೆಗೆ ನೆಂಟರು ಬಂದಿದ್ದು ಸೂಯೆಜ್ ಕಾಲುವೆಯಿಂದ. 1869ರಲ್ಲಿ ಕಾಲುವೆ ತೆರೆದಾಗ ಕೆಂಪು ಸಮುದ್ರ, ಮೆಡಿಟರೇನಿಯನ್ ಒಂದಾದವು. ಮಧ್ಯದ ಬಿಟರ್ ಲೇಕ್ಸ್‌ನಲ್ಲಿ ವಿಪರೀತ ಉಪ್ಪಿತ್ತು, ಬಹಳ ಜೀವಿಗಳಿಗೆ ಅದೇ ಗೋಡೆ. ವರ್ಷಗಳು ಕಳೆದಂತೆ ಆ ಉಪ್ಪು ಕರಗಿ ಹೋಯ್ತು, ಕಾಲುವೆ ಅಗಲ ಆಯ್ತು, ಸಮುದ್ರ ಬಿಸಿಯಾಯ್ತು. ಲಯನ್‌ಫಿಶ್ ಮೆಡಿಟರೇನಿಯನ್‌ನಲ್ಲಿ ಮೊದಲು ಕಂಡಿದ್ದು 1991ರಲ್ಲಿ, ಇಸ್ರೇಲ್ ತೀರದಲ್ಲಿ. ಆಮೇಲೆ ಇಪ್ಪತ್ತು ವರ್ಷ ಸುದ್ದಿಯಿಲ್ಲ. 2012ರ ನಂತರ ನೋಡ್ತಾ ನೋಡ್ತಾ ಸೈಪ್ರಸ್ ಸುತ್ತ ತುಂಬ್ಕೊಂಡ್ತು.

ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲೂ ಲಯನ್‌ಫಿಶ್ ಇದೆ, ಅಲ್ಲಿ ಯಾರಿಗೂ ತಲೆನೋವಿಲ್ಲ. ಹಿಂದೂ ಮಹಾಸಾಗರ ಅದರ ತವರು, ಅಲ್ಲಿನ ಸಣ್ಣ ಮೀನುಗಳಿಗೆ ಇದರ ಬುದ್ಧಿ ಗೊತ್ತು. ಸೈಪ್ರಸ್‌ನ ಮರಿಮೀನುಗಳಿಗೆ ಗೊತ್ತಿಲ್ಲ. ಲಯನ್‌ಫಿಶ್ ನಿಧಾನವಾಗಿ ರೆಕ್ಕೆ ಹರಡಿ ಮೂಲೆಗೆ ತಳ್ಳಿ ನುಂಗುತ್ತೆ, ಅವು ಓಡೋದೂ ಇಲ್ಲ. ಹೆಣ್ಣುಮೀನು ಕೆಲವೇ ದಿನಗಳ ಅಂತರದಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ಇದನ್ನ ತಿನ್ನಬಹುದಾದ ದೊಡ್ಡ ಗ್ರೂಪರ್‌ಗಳನ್ನ ಮನುಷ್ಯರು ಮೊದಲೇ ಹಿಡಿದು ಕಡಿಮೆ ಮಾಡಿಟ್ಟಿದ್ದರು.

2017ರಲ್ಲಿ ಯುರೋಪಿಯನ್ ಯೂನಿಯನ್ ನೆರವಿನ ರಿಲಯನ್‌ಮೆಡ್ ಯೋಜನೆ ಶುರುವಾಯ್ತು. ಡೈವರ್‌ಗಳಿಗೆ ತರಬೇತಿ ಕೊಟ್ಟು, ಝೆನೋಬಿಯಾದಂಥ ಕಡೆ ಗುಂಪಾಗಿ ಇಳಿದು ಹಿಡಿಯೋದು. ಕೆಲಸ ಆಯ್ತಾ? ಹಿಡಿದ ದಿನ ಜಾಗ ಖಾಲಿ. ಕೆಲವು ಕಡೆ ಕೆಲವೇ ತಿಂಗಳಲ್ಲಿ ಮತ್ತೆ ಭರ್ತಿ. ಅಂದ್ರೆ ಇದು ಕಳೆ ಕೀಳೋ ಥರದ ಕೆಲಸ, ಬಿಡೋ ಹಾಗಿಲ್ಲ. ಆದ್ರೆ ಆ ಯೋಜನೆ ಮುಗಿದುಹೋಯ್ತು. ನನ್ನ ಲೆಕ್ಕದಲ್ಲಿ ಮೀನುಗಾರನಿಗೆ ಬೆಲೆ ಸಿಕ್ಕಿದ್ರೆ ಮಾತ್ರ ಇದು ನಡೆಯುತ್ತೆ.

ಬೆಲೆ ಸಿಗಬೇಕಂದ್ರೆ ಜನ ತಿನ್ನಬೇಕು. ವಿಷ ಇರೋದು ಮುಳ್ಳುಗಳಲ್ಲಿ, ಮಾಂಸದಲ್ಲಿ ಅಲ್ಲ. ಮುಳ್ಳು ಕತ್ತರಿಸಿ ತೆಗೆದ್ರೆ ಬಿಳಿ, ಮೆತ್ತನೆ ಮೀನು. ಚುಚ್ಚಿದ್ರೆ ಮಾತ್ರ ಭಾರೀ ನೋವು. ಚರ್ಮ ಸುಡದಷ್ಟು ಬಿಸಿ ನೀರಲ್ಲಿ ಕೈ ಇಟ್ಟು ಡಾಕ್ಟರ್ ಹತ್ರ ಹೋಗಬೇಕು. ನಿಮ್ಮಲ್ಲಿ ಯಾರಾದ್ರೂ ಲಾರ್ನಕ ಕಡೆ ಹೋದ್ರೆ, ಹೋಟೆಲ್‌ನಲ್ಲಿ ಲಯನ್‌ಫಿಶ್ ಇದೆಯಾ ಅಂತ ಕೇಳಿ, ರುಚಿ ಹೇಗಿತ್ತು ಅಂತ ನನಗೂ ಒಂದು ವಾಯ್ಸ್ ನೋಟ್ ಕಳ್ಸಿ.