ಒಬ್ಬ ತಾಯಿಗೆ 26 ವಾರ, ಇನ್ನೊಬ್ಬ ತಾಯಿಗೆ 5 ಸಾವಿರ: ಹೆರಿಗೆ ಸೌಲಭ್ಯದ ಲೆಕ್ಕವೇನು?

ಬೆಂಗಳೂರು: ನಗರದ ಒಂದೇ ಬಡಾವಣೆಯಲ್ಲಿ ಮೂವರು ಗರ್ಭಿಣಿಯರಿದ್ದಾರೆ ಎಂದಿಟ್ಟುಕೊಳ್ಳೋಣ. ಮೊದಲನೆಯವರು ಸಾಫ್ಟ್‌ವೇರ್ ಕಂಪೆನಿಯ ಉದ್ಯೋಗಿ. ಎರಡನೆಯವರು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಕಾರ್ಮಿಕ ಮಹಿಳೆ. ಮೂರನೆಯವರು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುವವರು. ಆ ನಾಲ್ಕರಲ್ಲಿ ಮೊದಲನೆಯವರ ಮನೆಯೂ ಒಂದು. ಮೂವರ ಹೆರಿಗೆಯೂ ಒಂದೇ ತಿಂಗಳಲ್ಲಿ. ಮೂವರ ದೇಹಕ್ಕೆ ಬೇಕಾದ ವಿಶ್ರಾಂತಿಯಲ್ಲಿ, ಮೂರು ಶಿಶುಗಳಿಗೆ ಬೇಕಾದ ಎದೆಹಾಲಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೆ ನಮ್ಮ ಕಾನೂನು ಮತ್ತು ಯೋಜನೆಗಳ ಪ್ರಕಾರ ಈ ಮೂವರಿಗೆ ದೊರೆಯುವುದು ಮೂರು ಬಗೆಯ ಬಾಣಂತನ.

ಈ ವ್ಯತ್ಯಾಸ ಹೇಗೆ ಉಂಟಾಯಿತು, ಯಾರಿಗೆ ಎಷ್ಟು ಹಕ್ಕಿದೆ, ಎಲ್ಲಿ ಕೊರತೆಯಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಆಸ್ಪತ್ರೆಯ ಬಾಗಿಲವರೆಗೆ ಗೆಲುವು

ಮೊದಲಿಗೆ ಸಾಧನೆಯನ್ನು ಒಪ್ಪಿಕೊಳ್ಳಬೇಕು. 2004-06ರ ಅವಧಿಯಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾವನ್ನಪ್ಪುತ್ತಿದ್ದರು. 2018-20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಈ ಸಂಖ್ಯೆ 69ಕ್ಕೆ ಇಳಿದಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ.

ಇದರ ಹಿಂದೆ 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರ ಓಡಾಟ, ಮನೆಬಾಗಿಲಿಗೆ ಬರುವ ಆಂಬುಲೆನ್ಸ್ ಸೇವೆ ಇವೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಶಸ್ತ್ರಚಿಕಿತ್ಸೆ, ಔಷಧ, ರಕ್ತ, ಊಟ, ವಾಹನ ಎಲ್ಲವನ್ನೂ ಉಚಿತಗೊಳಿಸಿತು.

ಆದರೆ ಆಸ್ಪತ್ರೆಗೆ ತಲುಪಿಸಿದ ಮಾತ್ರಕ್ಕೆ ಜವಾಬ್ದಾರಿ ಮುಗಿಯುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಅಸುನೀಗಿದಾಗ, ರಕ್ತನಾಳಕ್ಕೆ ನೀಡುವ ದ್ರಾವಣದ ಗುಣಮಟ್ಟದ ಬಗ್ಗೆಯೇ ಸಂಶಯ ಎದ್ದಿತ್ತು. ಅದು ಆಸ್ಪತ್ರೆಯ ಒಳಗಿನ ಪ್ರಶ್ನೆ. ಹೆಚ್ಚು ಸದ್ದು ಮಾಡದ ಇನ್ನೊಂದು ಪ್ರಶ್ನೆ ಆಸ್ಪತ್ರೆಯ ಹೊರಗಿದೆ. ಸಹಜ ಹೆರಿಗೆಯಾದ ತಾಯಿ ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾಳೆ. ಆ ನಂತರದ ಆರು ತಿಂಗಳು ಅವಳ ಸಂಬಳ, ಊಟ, ವಿಶ್ರಾಂತಿಯ ಹೊಣೆ ಯಾರದು?

ಆರು ತಿಂಗಳು ಎಂಬ ಲೆಕ್ಕಕ್ಕೆ ಕಾರಣವಿದೆ. ಶಿಶುವಿಗೆ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ನೀಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 26 ವಾರಗಳ ಹೆರಿಗೆ ರಜೆ ಎಂದರೆ 182 ದಿನ, ಅಂದರೆ ಅದೇ ಆರು ತಿಂಗಳು.

ಮೊದಲನೆಯವರು: ಕಾನೂನಿನ ರಕ್ಷಣೆ

ಭಾರತದಲ್ಲಿ ಹೆರಿಗೆ ಸೌಲಭ್ಯದ ಮೊದಲ ಕಾಯ್ದೆ ಜಾರಿಗೆ ಬಂದದ್ದು 1929ರಲ್ಲಿ, ಬಾಂಬೆ ಪ್ರಾಂತ್ಯದಲ್ಲಿ. ಅದಕ್ಕೂ ಮುನ್ನ, 1928ರಲ್ಲಿ ಪ್ರಾಂತ್ಯದ ಶಾಸನ ಪರಿಷತ್ತಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಈ ಮಸೂದೆಯನ್ನು ಬೆಂಬಲಿಸಿ ಮಾತನಾಡಿದ್ದರು. ಸ್ವಾತಂತ್ರ್ಯಾನಂತರ ಬಂದ 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ವೇತನಸಹಿತ ರಜೆ ನೀಡಿತು. 2017ರ ತಿದ್ದುಪಡಿ ಇದನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ 12 ವಾರ ಮಾತ್ರ. ಕಾಯ್ದೆಯ ಈ ಅಂಶಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದ್ದು, ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ, ಸಂಸ್ಥೆಗಳಿಗೆ ಇದು ಅನ್ವಯ. ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಹೆರಿಗೆಗೆ ಮುನ್ನ ಗರಿಷ್ಠ ಎಂಟು ವಾರ ರಜೆ ಪಡೆಯಬಹುದು. ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಗರ್ಭಪಾತವಾದರೆ ಆರು ವಾರಗಳ ರಜೆ ಉಂಟು.

ದಿನಗೂಲಿಯವರಿಗೆ ಇದು ಅನ್ವಯಿಸದು ಎಂದು ಕೆಲವು ಸಂಸ್ಥೆಗಳು ವಾದಿಸುವುದುಂಟು. ಆದರೆ ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಮಹಿಳಾ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಷ್ಟು ಹಿಂದೆಯೇ ಈ ವಾದವನ್ನು ತಳ್ಳಿಹಾಕಿದೆ.

ಇಲ್ಲಿರುವ ತೊಡಕು ಬೇರೆ. ಈ ಕಾನೂನಿನಡಿ 26 ವಾರಗಳ ಪೂರ್ಣ ವೇತನವನ್ನು ಮಾಲೀಕರೇ ಭರಿಸಬೇಕು. ಸರ್ಕಾರದ ಪಾಲು ಇಲ್ಲ. ಹೆರಿಗೆ ರಜೆಯ ನೇರ ವೆಚ್ಚವನ್ನು ಒಬ್ಬೊಬ್ಬ ಮಾಲೀಕರ ಮೇಲೆ ಹೊರಿಸದೆ, ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಭರಿಸಬೇಕೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆಯ ತತ್ವ. ಭಾರತ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ. ಇಡೀ ಹೊರೆ ಮಾಲೀಕರ ಮೇಲಿದ್ದಾಗ ಸಣ್ಣ ಸಂಸ್ಥೆಗಳು ಮದುವೆಯ ವಯಸ್ಸಿನ ಹೆಣ್ಣುಮಕ್ಕಳನ್ನು ನೇಮಿಸಿಕೊಳ್ಳಲು ಹಿಂಜರಿಯುವ ಅಪಾಯವಿದೆ. ಹೀಗೆ ಒಳ್ಳೆಯ ಕಾನೂನೇ ಕೆಲವರ ಕೆಲಸಕ್ಕೆ ಅಡ್ಡಿಯಾಗಬಹುದು.

ಎರಡನೆಯವರು: ವಿಮೆಯ ರಕ್ಷಣೆ

ಉಡುಪು ಕಾರ್ಖಾನೆಯ ಕಾರ್ಮಿಕ ಮಹಿಳೆಗೆ ಈ ತೊಡಕು ಕಡಿಮೆ. ಕಾರಣ, ಅವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 2017ರಲ್ಲಿ ನಿಗದಿಯಾದ ಮಿತಿಯಂತೆ ತಿಂಗಳಿಗೆ 21 ಸಾವಿರ ರೂಪಾಯಿವರೆಗೆ ವೇತನ ಪಡೆಯುವವರು ಇದರಲ್ಲಿ ಸೇರುತ್ತಾರೆ. 2019ರ ಪರಿಷ್ಕರಣೆಯಂತೆ ಮಾಲೀಕರು ವೇತನದ ಶೇ 3.25, ಕಾರ್ಮಿಕರು ಶೇ 0.75ರಷ್ಟು ವಂತಿಗೆ ಕಟ್ಟುತ್ತಾರೆ. ಹೆರಿಗೆಯಾದಾಗ 26 ವಾರಗಳ ಪೂರ್ಣ ವೇತನ ಮಾಲೀಕರ ಜೇಬಿನಿಂದಲ್ಲ, ಇಎಸ್‌ಐ ನಿಧಿಯಿಂದ ಬರುತ್ತದೆ. ಇದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಪಾವತಿಯಾಗಿರಬೇಕು.

ಉದಾಹರಣೆಗೆ, ದಿನಕ್ಕೆ 400 ರೂಪಾಯಿ ವೇತನವೆಂದರೆ 182 ದಿನಗಳಿಗೆ 72,800 ರೂಪಾಯಿ. ಎಲ್ಲ ಮಾಲೀಕರೂ, ಎಲ್ಲ ಕಾರ್ಮಿಕರೂ, ಗಂಡಸರೂ ಸೇರಿದಂತೆ, ತಿಂಗಳು ತಿಂಗಳು ಕಟ್ಟಿದ ಹಣದಿಂದ ಒಬ್ಬ ತಾಯಿಯ ಬಾಣಂತನ ನಡೆಯುತ್ತದೆ. ಹೊರೆ ಹಂಚಿಹೋಗುವುದರಿಂದ ಯಾರಿಗೂ ಭಾರವೆನಿಸುವುದಿಲ್ಲ.

ಮೂರನೆಯವರು: ದಿನಕ್ಕೆ 28 ರೂಪಾಯಿ

ಮನೆಗೆಲಸದ ಮಹಿಳೆಗೆ ಈ ಎರಡೂ ಬಾಗಿಲು ಮುಚ್ಚಿವೆ. ಅವರು ದುಡಿಯುವ ಮನೆ ಹತ್ತು ನೌಕರರ ಸಂಸ್ಥೆಯಲ್ಲ. ಹಾಗಾಗಿ ಹೆರಿಗೆ ರಜೆಯೂ ಇಲ್ಲ, ಇಎಸ್‌ಐ ಕೂಡ ಇಲ್ಲ. ಉಳಿಯುವುದು 2017ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ.

ಇದರಡಿ ಅರ್ಹ ತಾಯಿಗೆ ಮೊದಲ ಮಗುವಿಗೆ 5 ಸಾವಿರ ರೂಪಾಯಿ ದೊರೆಯುತ್ತದೆ. 2022ರ ಬದಲಾವಣೆಯ ನಂತರ ಇದು ಎರಡು ಕಂತುಗಳಲ್ಲಿ ಬರುತ್ತದೆ. ಗರ್ಭಧಾರಣೆಯ ನೋಂದಣಿ ಮತ್ತು ಕನಿಷ್ಠ ಒಂದು ತಪಾಸಣೆಯ ಬಳಿಕ 3 ಸಾವಿರ. ಜನನ ನೋಂದಣಿಯಾಗಿ, ಮಗುವಿಗೆ ಮೊದಲ ಸುತ್ತಿನ ಲಸಿಕೆಗಳು ಪೂರ್ಣಗೊಂಡ ಮೇಲೆ 2 ಸಾವಿರ. ಎರಡನೆಯ ಮಗು ಹೆಣ್ಣಾದರೆ 6 ಸಾವಿರ ರೂಪಾಯಿ ಒಂದೇ ಕಂತಿನಲ್ಲಿ ಸಿಗುತ್ತದೆ. ಎರಡನೆಯದು ಗಂಡಾದರೆ ಈ ಯೋಜನೆಯಲ್ಲಿ ಏನೂ ಇಲ್ಲ.

ಮೊದಲ ಮಗುವಿನ 5 ಸಾವಿರವನ್ನು 182 ದಿನಗಳಿಗೆ ಹಂಚಿದರೆ ದಿನಕ್ಕೆ 28 ರೂಪಾಯಿಯೂ ಆಗುವುದಿಲ್ಲ. ಮೊದಲ ಸುತ್ತಿನ ಲಸಿಕೆಗಳು ಮುಗಿಯುವುದು ಮಗುವಿಗೆ 14 ವಾರ ತುಂಬಿದ ಮೇಲೆ. ಅಂದರೆ ಎರಡನೆಯ ಕಂತು ಬರುವ ಹೊತ್ತಿಗೆ, ದಿನದ ದುಡಿಮೆಯನ್ನೇ ನಂಬಿದ ತಾಯಿ ಬಹುಶಃ ಕೆಲಸಕ್ಕೆ ಮರಳಿರುತ್ತಾಳೆ. ವಿಶ್ರಾಂತಿಗೆಂದು ಕೊಡುವ ಹಣ ವಿಶ್ರಾಂತಿ ಮುಗಿದ ಮೇಲೆ ಕೈಸೇರುತ್ತದೆ.

ಇದರಲ್ಲಿ ಕಾನೂನಿನ ಪ್ರಶ್ನೆಯೂ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಸರ್ಕಾರಿ ನೌಕರಿಯಲ್ಲಿರುವವರು ಮತ್ತು ಬೇರೆ ಕಾನೂನಿನಡಿ ಸೌಲಭ್ಯ ಪಡೆಯುವವರನ್ನು ಹೊರತುಪಡಿಸಿ, ಗರ್ಭಿಣಿ ಹಾಗೂ ಹಾಲುಣಿಸುವ ತಾಯಂದಿರಿಗೆ ಕನಿಷ್ಠ 6 ಸಾವಿರ ರೂಪಾಯಿ ದೊರೆಯತಕ್ಕದ್ದು. ಉಳಿದ ಸಾವಿರವನ್ನು ಜನನಿ ಸುರಕ್ಷಾ ಯೋಜನೆ ತುಂಬುತ್ತದೆ ಎಂಬುದು ಕೇಂದ್ರದ ಸಮಜಾಯಿಷಿ. ಆದರೆ ಕರ್ನಾಟಕದಲ್ಲಿ ಆ ಯೋಜನೆಯ ಮೊತ್ತ ಗ್ರಾಮೀಣ ಭಾಗದಲ್ಲಿ 700, ನಗರದಲ್ಲಿ 600 ರೂಪಾಯಿ. ಹೀಗಾಗಿ ನಗರದ ಬಡ ತಾಯಿಗೆ ಮೊದಲ ಹೆರಿಗೆಗೆ ಕೂಡಿ ಸಿಗುವುದು 5,600. ಕಾನೂನು ಹೇಳಿದ ಮೊತ್ತಕ್ಕೆ ಇನ್ನೂ 400 ಕಡಿಮೆ. ಪಕ್ಕದ ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ನೆರವು ಯೋಜನೆಯಡಿ ನಗದು ಮತ್ತು ಪೌಷ್ಟಿಕ ಕಿಟ್ ಸೇರಿ 18 ಸಾವಿರ ರೂಪಾಯಿ ಮೌಲ್ಯದ ಸೌಲಭ್ಯ ನಿಗದಿಯಾಗಿರುವುದು ಗಮನಾರ್ಹ.

ಆಹಾರದ ವಿಷಯದಲ್ಲಿ ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆಯನ್ನು ರಾಜ್ಯದಾದ್ಯಂತ ಆರಂಭಿಸಿತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ ನೀಡುವುದು ಇದರ ಆಶಯ. ಉದ್ದೇಶ ಒಳ್ಳೆಯದು. ಆದರೆ ಮಧ್ಯಾಹ್ನದ ಹೊತ್ತಿಗೆ ಮನೆಗೆಲಸದ ಮಹಿಳೆ ಇರುವುದು ಬೇರೆಯವರ ಅಡುಗೆಮನೆಯಲ್ಲಿ. ಹಸಿ ಬಾಣಂತಿಯನ್ನು ಹೊಸ್ತಿಲು ದಾಟಲು ಬಿಡದ ಮನೆಗಳೂ ನಮ್ಮಲ್ಲಿ ಕಡಿಮೆಯಿಲ್ಲ.

ಕಟ್ಟಡ ಕಾರ್ಮಿಕರಿಗೆ ಇರುವ ದಾರಿ

ಅಸಂಘಟಿತ ವಲಯಕ್ಕೆ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂಬ ಮಾತು ಸರಿಯಲ್ಲ. ಅದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಕಟ್ಟಡ ನಿರ್ಮಾಣ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಸಂಗ್ರಹಿಸಿ, ಆ ನಿಧಿಯಿಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಸೌಲಭ್ಯ ನೀಡುತ್ತದೆ. ಮಂಡಳಿಯ ತಾಯಿ ಲಕ್ಷ್ಮಿ ಬಾಂಡ್ ಯೋಜನೆಯಲ್ಲಿ ನೋಂದಾಯಿತ ಮಹಿಳಾ ಕಾರ್ಮಿಕರಿಗೆ ಮೊದಲ ಎರಡು ಹೆರಿಗೆಗಳಿಗೆ ತಲಾ 50 ಸಾವಿರ ರೂಪಾಯಿ ನಿಗದಿಯಾಗಿದೆ. ಷರತ್ತೆಂದರೆ, ವರ್ಷದಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿ, ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು.

ಇಟ್ಟಿಗೆ ಹೊರುವ ತಾಯಿಗೆ 50 ಸಾವಿರ, ಅದೇ ಕಟ್ಟಡ ಮುಗಿದ ಮೇಲೆ ಅದರ ನೆಲ ಒರೆಸುವ ತಾಯಿಗೆ 5 ಸಾವಿರ. ಇಬ್ಬರ ದುಡಿಮೆಯ ಕಷ್ಟದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಭೇದವಿರುವುದು ನಿಧಿಯಲ್ಲಿ: ಒಬ್ಬರ ಹೆಸರಿನಲ್ಲಿ ಸೆಸ್ ಸಂಗ್ರಹವಾಗುತ್ತದೆ, ಇನ್ನೊಬ್ಬರ ಹೆಸರಿನಲ್ಲಿ ಇಲ್ಲ.

ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ನಿಗದಿಪಡಿಸಿದ ರಾಜ್ಯ ಕರ್ನಾಟಕ. ಅವರ ಸಾಮಾಜಿಕ ಭದ್ರತೆಗೆ ಕಲ್ಯಾಣ ನಿಧಿ ಸ್ಥಾಪಿಸುವ ಕರಡು ಮಸೂದೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಸಿದ್ಧಪಡಿಸಿತು. ಅಸಂಘಟಿತ ಕಾರ್ಮಿಕರ ಹೆರಿಗೆ ಸೌಲಭ್ಯಕ್ಕೆ ಯೋಜನೆ ರೂಪಿಸಬೇಕೆಂಬ ಮಾತು 2008ರ ಕೇಂದ್ರ ಕಾಯ್ದೆಯಲ್ಲೂ ಇತ್ತು, 2020ರ ಸಂಹಿತೆಯಲ್ಲೂ ಇದೆ. ಕೊರತೆಯಿರುವುದು ವಾಕ್ಯಕ್ಕಲ್ಲ, ಹಣಕ್ಕೆ.

ರಜೆ ಮುಗಿದ ಮೇಲೆ ಮಗು ಎಲ್ಲಿ?

ಆರು ತಿಂಗಳ ನಂತರ ಮೂವರು ತಾಯಂದಿರೂ ಒಂದೇ ಪ್ರಶ್ನೆ ಎದುರಿಸುತ್ತಾರೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಲು ಅವಕಾಶ ನೀಡಬೇಕು ಎಂದು 2017ರ ತಿದ್ದುಪಡಿ ವಿಧಿಸಿತು. ಈ ಕಲ್ಪನೆ ಹೊಸದಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೂ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅನ್ವಯವಾಗಿದ್ದ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೂ ಮಕ್ಕಳ ಕೋಣೆಯ ನಿಯಮವಿತ್ತು.

ಉಳಿದವರಿಗೆ ನೆನಪಾಗುವುದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆದರೆ ಅಂಗನವಾಡಿಯ ಶಾಲಾಪೂರ್ವ ತರಗತಿ ಮೂರರಿಂದ ಆರು ವರ್ಷದ ಮಕ್ಕಳಿಗೆ. ಆರು ತಿಂಗಳ ಕೂಸನ್ನು ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಅದಲ್ಲ. ಈ ಅಂತರವನ್ನು ತುಂಬಲು ಕೇಂದ್ರವು 2022ರಲ್ಲಿ ಮಿಷನ್ ಶಕ್ತಿಯಡಿ ಪಾಲನಾ ಯೋಜನೆ ರೂಪಿಸಿ, ಅಂಗನವಾಡಿಯಲ್ಲೇ ಶಿಶುಪಾಲನೆಗೂ ಅವಕಾಶ ಕಲ್ಪಿಸಿತು. ರಾಜ್ಯ ಸರ್ಕಾರ ಉದ್ಯೋಗ ಖಾತರಿ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗಾಗಿ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು 2023ರಲ್ಲಿ ಘೋಷಿಸಿತು.

ಕೂಸಿನ ಮನೆ ಗ್ರಾಮ ಪಂಚಾಯಿತಿಗೆ ಸೇರಿದ್ದು. ಮನೆಗೆಲಸದ ಮಹಿಳೆ ಇರುವುದು ನಗರದಲ್ಲಿ. ಅಲ್ಲಿ ಕೂಸನ್ನು ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ಅಜ್ಜಿಯ ಪಾಲಿಗೆ, ಅಜ್ಜಿಯಿಲ್ಲದ ಮನೆಯಲ್ಲಿ ಶಾಲೆಗೆ ಹೋಗಬೇಕಾದ ಅಕ್ಕನ ಪಾಲಿಗೆ ಬೀಳುತ್ತದೆ. ಒಂದು ಮಗುವಿನ ಪಾಲನೆಗೆ ಇನ್ನೊಂದು ಮಗುವಿನ ಓದು ಬಲಿಯಾಗುತ್ತದೆ.

ತಕ್ಷಣಕ್ಕೆ ತಿಳಿದಿರಬೇಕಾದದ್ದು

ಗರ್ಭಿಣಿಯೆಂದು ತಿಳಿದ ಕೂಡಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಮಾತೃ ವಂದನಾ ಅರ್ಜಿಯನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಸಲ್ಲಿಸಬಹುದು. ಮೊದಲ ಮಗುವಿಗೆ ಕೊನೆಯ ಮುಟ್ಟಿನ ದಿನದಿಂದ 570 ದಿನಗಳೊಳಗೆ, ಎರಡನೆಯ ಹೆಣ್ಣುಮಗುವಿಗೆ ಜನನದಿಂದ 270 ದಿನಗಳೊಳಗೆ ಅರ್ಜಿ ಹಾಕಬೇಕು. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ತಾಯಿಯ ಹೆಸರಿನಲ್ಲೇ ಇರಬೇಕು. ಕಾರ್ಖಾನೆಯಲ್ಲಿ ದುಡಿಯುವವರು ತಮ್ಮ ಇಎಸ್‌ಐ ವಂತಿಗೆ ಸರಿಯಾಗಿ ಪಾವತಿಯಾಗುತ್ತಿದೆಯೇ ಎಂದು ಹೆರಿಗೆಗೆ ಸಾಕಷ್ಟು ಮುಂಚೆಯೇ ಪರಿಶೀಲಿಸಿಕೊಳ್ಳುವುದು ಒಳಿತು.

ಇನ್ನು ನಗರದ ಓದುಗರಿಗೆ ಒಂದು ಮಾತು. ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ಗರ್ಭಿಣಿಯಾದರೆ ಅವರಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಯಾವ ಕಾನೂನೂ ನಿಮ್ಮನ್ನು ಒತ್ತಾಯಿಸುವುದಿಲ್ಲ. ಆದರೆ ನಾಲ್ಕು ಮನೆಯವರು ಕೂಡಿ ತಮ್ಮ ತಮ್ಮ ಪಾಲಿನ ಸಂಬಳವನ್ನು ಮೂರು ತಿಂಗಳು ನಿಲ್ಲಿಸದೆ ಕೊಟ್ಟರೆ, ಅವರ ಪಾಲಿಗೆ ಅದು ಯಾವ ಯೋಜನೆಗಿಂತಲೂ ದೊಡ್ಡ ಹೆರಿಗೆ ಸೌಲಭ್ಯ. ಇಎಸ್‌ಐ ಮಾಡುವುದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಸರ್ಕಾರ ಅದನ್ನು ಎಲ್ಲ ತಾಯಂದಿರಿಗೂ ವಿಸ್ತರಿಸುವವರೆಗೆ, ಮೂರನೆಯ ತಾಯಿಯ ಬಾಣಂತನ ಅವರು ದುಡಿಯುವ ಮನೆಗಳವರ ಮನಸ್ಸನ್ನೇ ಅವಲಂಬಿಸಿರುತ್ತದೆ.