ಆಯಿಯನ್ನು ಕೇಳಬೇಡಿ, ಮುಟ್ಟಿ ನೋಡಿ

ಡಿಸೆಂಬರ್ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆ ಮನೆಮನೆಯಲ್ಲೂ ನಡೆಯುವ ಮಾತಿದು. “ಆಯಿ, ಥಂಡಿ ಹತ್ಯಾದೇನ?” “ಇಲ್ಲಪ್ಪಾ, ನನಗೇನ್ ಆಗ್ಯಾದ!” ಮುಟ್ಟಿದರೆ ಆಯಿಯ ಕೈ ಕೊರೆಯುತ್ತಿರುತ್ತದೆ. ಆಯಿ ಸುಳ್ಳು ಹೇಳುತ್ತಿಲ್ಲ, ಆಕೆಗೆ ನಿಜಕ್ಕೂ ಗೊತ್ತಾಗುತ್ತಿಲ್ಲ. ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುವ ಕನಿಷ್ಠ ಉಷ್ಣಾಂಶಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ವಯಸ್ಸಾದಂತೆ ಚಳಿಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಚರ್ಮದ ನರಗಳು ಮಂದವಾಗುತ್ತವೆ. ನಡುಕ ತಡವಾಗಿ ಹುಟ್ಟುತ್ತದೆ, ಚರ್ಮದ ರಕ್ತನಾಳಗಳು ಬೇಗ ಬಿಗಿಯುವುದಿಲ್ಲ, ಶಾಖ ಹುಟ್ಟಿಸಬೇಕಾದ ಮಾಂಸಖಂಡವೇ ಕರಗಿರುತ್ತದೆ. 1972ರ ಚಳಿಗಾಲದಲ್ಲಿ ಬ್ರಿಟನ್ನಿನ ಆರ್. ಎಚ್. ಫಾಕ್ಸ್ ಮತ್ತು ಸಂಗಡಿಗರು ವೃದ್ಧರ ಮನೆಗಳಿಗೇ ಹೋಗಿ ಮೈಬಿಸಿ ಅಳೆದರು. ಅಳೆದ ಬಗೆ ನನಗೆ ಬಲು ಮೆಚ್ಚುಗೆ. ತಣ್ಣನೆ ಗಾಳಿ ಉಸಿರಾಡಿದ ಬಾಯಿಯ ಥರ್ಮಾಮೀಟರನ್ನು ನಂಬುವಂತಿಲ್ಲ. ಆಗಷ್ಟೇ ಹೊಯ್ದ ಮೂತ್ರ ಮಾತ್ರ ಒಡಲಾಳದ ಬಿಸಿಯನ್ನು ಹಾಗೇ ಹೊತ್ತು ತರುತ್ತದೆ. ಅವರು ಅಳೆದದ್ದು ಅದನ್ನೇ. ಹತ್ತರಲ್ಲೊಬ್ಬರಿಗೆ ಅದು 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇತ್ತು. 35ಕ್ಕಿಂತ ಕೆಳಗಿಳಿದರೆ ಅದಕ್ಕೆ ವೈದ್ಯರು ಹೈಪೊಥರ್ಮಿಯಾ ಎನ್ನುತ್ತಾರೆ.

ಇನ್ನು ನಮ್ಮ ಕಡೆಯ ಥಂಡಿ. ಔರಾದ್ ಕರ್ನಾಟಕದ ಉತ್ತರ ತುದಿ. ಬೀದರ್ ಕಡಲಿನಿಂದ ದೂರ, 600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಒಣ ಗಾಳಿ, ಮೋಡವಿಲ್ಲದ ರಾತ್ರಿ ಕೂಡಿ ಬಂದರೆ ನೆಲದ ಶಾಖ ಅವಕೆಂಪು ಕಿರಣವಾಗಿ ಆಕಾಶಕ್ಕೆ ಸೋರಿಹೋಗುತ್ತದೆ, ಪಾದರಸ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಈ ಸೋರಿಕೆಯ ಬಲ ಎಷ್ಟೆಂದು ತಿಳಿಯಲು ರಾಬರ್ಟ್ ಬಾರ್ಕರ್ 1775ರಲ್ಲಿ ಬರೆದ ವರದಿ ನೋಡಬೇಕು. ಅಲಹಾಬಾದಿನಲ್ಲಿ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಾಗದ ರಾತ್ರಿಗಳಲ್ಲೂ ಜನ ಮಂಜುಗಡ್ಡೆ ಮಾಡುತ್ತಿದ್ದರು! ಬಯಲಿನಲ್ಲಿ ತಗ್ಗು ತೋಡಿ, ಒಣಗಿದ ಕಬ್ಬು ಅಥವಾ ಮೆಕ್ಕೆಜೋಳದ ದಂಟು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ಕಾಯಿಸಿ ಆರಿಸಿದ ನೀರಿಡುತ್ತಿದ್ದರು. ಮಣ್ಣಿನ ಬಿಸಿ ಮೇಲೇರದಂತೆ ದಂಟು ತಡೆಯುತ್ತಿತ್ತು, ನೀರಿನ ಬಿಸಿಯನ್ನು ಆಕಾಶ ಕಸಿಯುತ್ತಿತ್ತು. ಇದರ ಮರ್ಮವನ್ನು ಬಿಡಿಸಿದ್ದು ವಿಲಿಯಂ ಚಾರ್ಲ್ಸ್ ವೆಲ್ಸ್, 1814ರಲ್ಲಿ, ಇಬ್ಬನಿಯ ಮೇಲೆ ಬರೆದ ಪ್ರಬಂಧದಲ್ಲಿ.

ತಗಡಿನ ಮನೆಯಲ್ಲಿ ಮಲಗಿದ ಮುದುಕರ ಗತಿಯೂ ಆ ತಟ್ಟೆಯ ನೀರಿನದೇ. ರಾತ್ರಿ ತಗಡು ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ನಸುಕಿನಲ್ಲಿ ಉಸಿರಿನ ಹಸಿ ಅದರ ಒಳಮೈಗೆ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುವುದು ಅಲ್ಲಿ ಮಲಗುವವರಿಗೆ ಹೊಸದಲ್ಲ. ಕೆಳಗಂತೂ ದಂಟೂ ಇಲ್ಲ, ಬರೀ ಫರಸಿ ಕಲ್ಲು. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆ ಈ ವಿಷಯದಲ್ಲಿ ಎಷ್ಟೋ ಮೇಲು.

ಆದ್ದರಿಂದ ಮೇಲೆ ಇನ್ನೊಂದು ಕಂಬಳಿ ಹೊದಿಸುವ ಮೊದಲು ಕೆಳಗೆ ಹಾಸಿ. ಮೈಭಾರಕ್ಕೆ ಅದುಮಿಹೋದ ಕೌದಿಯಲ್ಲಿ ಗಾಳಿ ನಿಲ್ಲುವುದಿಲ್ಲ, ಶಾಖ ತಡೆಯುವುದೋ ಆ ಗಾಳಿಯೇ. ಜೋಳದ ಕಣಕಿ, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿದ್ದು, ಯಾವುದಾದರೂ ಆದೀತು. ಬರೀ ಮಂಚವಾದರೆ ಅದರ ಮೇಲೂ ಬೇಕು. ತಗಡಿಗೂ ಹಾಸಿಗೆಗೂ ನಡುವೆ ಹಳೆಯ ಸೀರೆಯ ಮೇಲ್ಕಟ್ಟು ಕಟ್ಟಿದರೆ ಮೈಶಾಖ ನೇರ ತಗಡಿಗೆ ಹೋಗುವುದು ತಪ್ಪುತ್ತದೆ.

ನಮ್ಮದೇನು ಹಿಮ ಬೀಳುವ ಊರಲ್ಲ ಎಂದು ಉದಾಸೀನ ಮಾಡುವವರಿಗೆ 1997ರ ಯೂರೋವಿಂಟರ್ ಅಧ್ಯಯನವನ್ನು ತೋರಿಸಬೇಕು. ಉಷ್ಣಾಂಶ 18ರಿಂದ ಕೆಳಗೆ ಒಂದೊಂದು ಡಿಗ್ರಿ ಇಳಿದಾಗಲೂ ಸಾವುಗಳು ದಕ್ಷಿಣ ಫಿನ್ಲೆಂಡಿನಲ್ಲಿ 0.27 ಶೇಕಡಾ ಏರಿದರೆ ಬೆಚ್ಚನೆಯ ಅಥೆನ್ಸಿನಲ್ಲಿ 2.15 ಶೇಕಡಾ ಏರಿದವು. ಚಳಿಗೆ ಹೆದರುವ ಊರು ಮನೆಯನ್ನೂ ಮೈಯನ್ನೂ ಬೆಚ್ಚಗಿಡುತ್ತದೆ, ಹೆದರದ ಊರು ಹಾಗೇ ಇರುತ್ತದೆ. ಸಾವು ಬರುವುದೂ ಬಹುಮಟ್ಟಿಗೆ ಹೆಪ್ಪುಗಟ್ಟಿ ಅಲ್ಲ. ಚರ್ಮ ತಣ್ಣಗಾದರೆ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಏರುತ್ತದೆ ಎಂದು ವಿಲಿಯಂ ಕೀಟಿಂಜ್ 1984ರಲ್ಲಿ ತೋರಿಸಿದ್ದರು. ಹೃದಯಾಘಾತ, ಲಕ್ವ ಎರಡಕ್ಕೂ ಅದು ದಾರಿ. ನಸುಕಿನಲ್ಲೇ ಎದ್ದು ಹೊರಗೆ ಬಯಲಿಗೆ ಹೋಗುವ ಅಜ್ಜನನ್ನು ಬಿಸಿಲೇರುವವರೆಗೆ ತಡೆಯಬೇಕು, ಇಲ್ಲವೇ ತಲೆ-ಕಿವಿ ಮುಚ್ಚಿ ಕಳಿಸಬೇಕು.

ಬಾಗಿಲು, ಕಿಟಕಿ ಮುಚ್ಚಿ ಕೋಣೆಯೊಳಗೆ ಕೆಂಡದ ಶೇಗಡಿ ಇಟ್ಟು ಮಲಗುವುದು ಮಾತ್ರ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸಾಕು, ನೇರ ಚರ್ಮಕ್ಕೆ ತಾಗದಂತೆ.

ಮುಂಜಾನೆ ಅಂಗೈ ಮುಟ್ಟಿದರೆ ಸಾಲದು, ಬಟ್ಟೆಯೊಳಗೆ ಹೊಟ್ಟೆ ಮುಟ್ಟಿ ನೋಡಿ. ಹೊಟ್ಟೆಯೂ ತಣ್ಣಗಿದ್ದು, ಮಾತು ತೊದಲುತ್ತಿದ್ದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಎದೆ, ಹೊಟ್ಟೆ ಬೆಚ್ಚಗೆ ಮುಚ್ಚಿ ಮಲಗಿಸಿಯೇ ಇಡಿ. ಕೈಕಾಲು ತಿಕ್ಕಬೇಡಿ. ಬ್ರಾಂದಿಯನ್ನಂತೂ ಕುಡಿಸಲೇಬೇಡಿ, ಅದು ಚರ್ಮದ ರಕ್ತನಾಳಗಳನ್ನು ಸಡಿಲಿಸಿ ಒಳಗೆ ಉಳಿದ ಬಿಸಿಯನ್ನೂ ಹೊರಗೆ ಚೆಲ್ಲುತ್ತದೆ.